ಏಳು ಅರಿವೆ

ಆಗ ನನಗೆ ಐವತ್ತೇಳು ವರ್ಷ. ಆಧಾರ್ ಕಾರ್ಡಿನಲ್ಲಿ ಇರುವುದು ಅಷ್ಟು, ನಿಜ ಎಷ್ಟೋ ನನ್ನವ್ವನಿಗೇ ಗೊತ್ತಿರಲಿಲ್ಲ. ಒಂಬತ್ತು ವರ್ಷದ ಹಿಂದಿನ ಮಾತು ಇದು. ಒಬ್ಬ ಬಾಣಂತಿಯ ಮೈಯಿಂದ ರಕ್ತ ಹೋಗುತ್ತಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅರ್ಧ ತಾಸು ಯಾರಿಗೂ ಹೇಳದೆ ವರಾಂಡ ಒರೆಸಿದೆ. ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಅದು ಹೇಗಾಯಿತು ಎಂಬುದು.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ಕಡೆ ಆಸ್ಪತ್ರೆಗಳಲ್ಲಿ ನಾನು ಆಯಾ ಆಗಿ ದುಡಿದಿದ್ದೇನೆ. ಗುತ್ತಿಗೆ ಕೆಲಸ. ಗುತ್ತಿಗೆದಾರ ಎಲ್ಲಿಗೆ ಹೋಗು ಅಂದರೆ ಅಲ್ಲಿಗೆ. ಇದು ಯಾವ ಊರಿನಲ್ಲಿ ನಡೆದದ್ದೆಂದು ಹೇಳುವುದಿಲ್ಲ. ಅಲ್ಲಿ ಈಗ ಬೇರೆಯವರು ಇದ್ದಾರೆ, ಅವರಿಗೆ ಯಾಕೆ ತೊಂದರೆ.

ಹೆರಿಗೆ ಕೋಣೆಯ ಆಯಾ ಅಂದರೆ ನೆಲ ಒರೆಸುವವಳು, ಮಾಸು ಒಯ್ದು ಹಾಕುವವಳು, ಬಾಣಂತಿಯ ಕೆಳಗಿನ ಅರಿವೆ ಬದಲಿಸುವವಳು, ಎಲ್ಲರಿಗೂ ಚಹಾ ತರುವವಳು. ಮಧ್ಯಾಹ್ನ ಸಿಸ್ಟರುಗಳು, ಲ್ಯಾಬಿನವನು, ಔಷಧ ಕೊಡುವವನು ಎಲ್ಲ ಒಂದು ಕೋಣೆಯಲ್ಲಿ ಕುಳಿತು ಡಬ್ಬಿ ಬಿಚ್ಚಿ ಒಬ್ಬರ ಪಲ್ಯ ಒಬ್ಬರು ಹಂಚಿಕೊಳ್ಳುತ್ತಿದ್ದರು. ನಾನು ಹಿತ್ತಿಲಲ್ಲಿ ಒಗೆಯುವ ಕಲ್ಲಿನ ಹತ್ತಿರ ಕುಳಿತು ರೊಟ್ಟಿ ತಿನ್ನುತ್ತಿದ್ದೆ. ಜಾತಿ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಕೈ ವಾಸನೆ ಎಂದರು. ಕೈ ವಾಸನೆ ಇರುತ್ತಿತ್ತು, ಅದು ಸುಳ್ಳಲ್ಲ.

ಮನೆಯಲ್ಲೂ ಒಬ್ಬಳೇ. ಗಂಡ ಎಂದೋ ಬಿಟ್ಟು ಹೋಗಿದ್ದ, ಮಕ್ಕಳಾಗಲಿಲ್ಲ. ದಿನಾ ಮಕ್ಕಳನ್ನು ಎತ್ತಿಕೊಳ್ಳುತ್ತೀ, ನಿನಗೇ ಒಂದು ಇಲ್ಲವಲ್ಲ ಎಂದು ಬಂದವರು ಮರುಗುತ್ತಿದ್ದರು. ನನಗೆ ಹಾಗೇನೂ ಅನ್ನಿಸುತ್ತಿರಲಿಲ್ಲ. ಕಷ್ಟವಾಗುತ್ತಿದ್ದದ್ದು ಬೇರೆ. ಎಷ್ಟೋ ದಿನ ಬೆಳಗಿನಿಂದ ಸಂಜೆಯವರೆಗೆ "ಹೂಂ ರೀ" ಎಂಬ ಮಾತು ಬಿಟ್ಟು ಬೇರೆ ಮಾತು ನನ್ನ ಬಾಯಿಂದ ಹೊರಡುತ್ತಿರಲಿಲ್ಲ. ಸಂಜೆ ಅಂಗಡಿಯಲ್ಲಿ ಬೆಂಕಿಪೆಟ್ಟಿಗೆ ಕೇಳಲು ಬಾಯಿ ತೆರೆದರೆ ದನಿ ಒಡೆದಿರುತ್ತಿತ್ತು.

ಮೊದಲು ಹಾಗಿರಲಿಲ್ಲ. ಮೊದಲು ಕಂಡದ್ದನ್ನು ಹೇಳುತ್ತಿದ್ದೆ. ಆ ಹಿಂದಿನ ವರ್ಷ ಒಬ್ಬಳು ನೋವು ತಿನ್ನುತ್ತಿದ್ದಾಗ ಹೊಟ್ಟೆ ನೋಡಿ, "ಸಿಸ್ಟರ್, ಕೂಸು ಕಾಲ ಮುಂದ ಮಾಡೇತಿರಿ" ಎಂದುಬಿಟ್ಟೆ. ಬಂಧುಗಳು ಅಳಲು ಶುರುಮಾಡಿದರು. ಹೆರಿಗೆ ಡಾಕ್ಟರು, ನಾವು ಮೇಡಂ ಎನ್ನುತ್ತಿದ್ದವರು, ಓಡಿ ಬಂದು ನೋಡಿದರು. ಕೂಸು ತಲೆ ಮುಂದಾಗಿ ಸರಿಯಾಗಿ ಹುಟ್ಟಿತು. ಹೇಳಿದ್ದು ನಾನು, ತಪ್ಪಿದ್ದು ನಾನು. ಹೆರಿಗೆ ಕೋಣೆಯ ಸಿಸ್ಟರ್ ಎಲ್ಲರ ಮುಂದೆ ಬೈದರು.

"ನೀ ಏನ್ ಡಾಕ್ಟರ್ ಏನ? ನಿನ್ನ ಕೆಲಸ ಎಷ್ಟೈತಿ ಅಷ್ಟ ಮಾಡು. ಇಲ್ಲಿ ಕಂಡದ್ದು ಮಾತಾಡೂದು ನಿನ್ನ ಕೆಲಸ ಅಲ್ಲ."

ಅಂದಿನಿಂದ ನನಗೆ ಡಾಕ್ಟರಮ್ಮ ಎಂಬ ಹೆಸರು ಬಿತ್ತು. "ಬಾರವಾ ಡಾಕ್ಟರಮ್ಮ, ಇಲ್ಲೊಂದೀಟು ನೆಲ ತಪಾಸಣಿ ಮಾಡು" ಎಂದು ಸಿಸ್ಟರ್ ಕರೆಯುವರು, ಎಲ್ಲರೂ ನಗುವರು. ಲ್ಯಾಬಿನವನು ಸವಣೂರಿನ ಸಾಬರ ಹುಡುಗ, ನಲವತ್ತು ದಾಟಿದ್ದರೂ ನನಗೆ ಹುಡುಗನೇ. ಅವನೊಬ್ಬ ನನ್ನನ್ನು ಖಾಲಾ, ಅಂದರೆ ಚಿಕ್ಕವ್ವ, ಎನ್ನುತ್ತಿದ್ದ. ಅವನೂ ನಕ್ಕ. ನಾನು ಬಾಯಿ ಮುಚ್ಚಿಕೊಂಡೆ. ಸಿಟ್ಟು ಒಳಗೇ ಇತ್ತು.

ಸಿಸ್ಟರ್ ಕೆಟ್ಟವರಲ್ಲ. ಅವರ ಕೈ ಚಲೋ. ಇಪ್ಪತ್ತು ವರ್ಷ ಹೆರಿಗೆ ಮಾಡಿಸಿದ ಕೈ. ಬಾಯಿ ಮಾತ್ರ ಹಾಗೆ.

ಆ ದಿನ ಮಂಗಳವಾರ. ಬೆನ್ನಿಗೆ ಸೂಜಿ ಕೊಟ್ಟು ಮೈ ಜೋಮು ಹಿಡಿಸುವ ಡಾಕ್ಟರು ನಮಗೆ ಇಡೀ ವಾರಕ್ಕೆ ಇರಲಿಲ್ಲ, ಮಂಗಳವಾರ ಮತ್ತು ಶುಕ್ರವಾರ ಬೇರೆ ತಾಲ್ಲೂಕಿನಿಂದ ಬರುವರು. ಹೊಟ್ಟೆ ಕೊಯ್ದು ತೆಗೆಯುವ ಹೆರಿಗೆಗಳೆಲ್ಲ ಆ ಎರಡು ದಿನಕ್ಕೆ ಕೂಡುತ್ತಿದ್ದವು. ಅವತ್ತು ಮೂವರಿದ್ದರು. ಮೇಡಂ ಮತ್ತು ಆ ಡಾಕ್ಟರು ಬೆಳಿಗ್ಗೆ ಆಪರೇಷನ್ ಕೋಣೆ ಹೊಕ್ಕವರು ಹೊರಬಂದಿರಲಿಲ್ಲ. ಹೆರಿಗೆ ಕೋಣೆಗೆ ಸಿಸ್ಟರ್ ಒಬ್ಬರೇ. ಜೊತೆಗೆ ನಾನು.

ದುಂಡಸಿ ಕಡೆಯ ಹೆಣ್ಣುಮಗಳು ಒಬ್ಬಳು ಅವ್ವನ ಜೊತೆ ಬಂದಿದ್ದಳು. ಮೂರನೆಯ ಹೆರಿಗೆ. ಹತ್ತೂವರೆಗೆ ಸಲೀಸಾಗಿ ಹೆತ್ತಳು, ಗಂಡು. ಮಾಸು ಬಿತ್ತು. ಸಿಸ್ಟರ್ ಎಲ್ಲ ನೋಡಿ, ಹೊಟ್ಟೆ ಒತ್ತಿ, ಗೋಡೆ ಬದಿಯ ಮಂಚಕ್ಕೆ ಹಾಕಿಸಿದರು. ಅಷ್ಟರಲ್ಲಿ ರಟ್ಟೀಹಳ್ಳಿ ಕಡೆಯಿಂದ ಇನ್ನೊಬ್ಬಳು ಬಂದಳು, ನೋವು ಜೋರಾಗಿತ್ತು. ಸಿಸ್ಟರ್ ಪರದೆಯ ಆಚೆ ಅವಳ ಹತ್ತಿರ ಹೋದರು.

ನಮ್ಮ ಕಡೆ ಹೆರಿಗೆಗೆಂದು ಮನೆಯಲ್ಲಿ ಹಳೆಯ ಸೀರೆ ಹರಿದು, ಒಗೆದು, ಗಂಟು ಕಟ್ಟಿ ಇಡುತ್ತಾರೆ. ಆಸ್ಪತ್ರೆಯಲ್ಲಿ ಪ್ಯಾಡು ಕೊಟ್ಟರೂ ಆ ಅರಿವೆಯೇ ಮೆತ್ತಗೆ ಎಂದು ಕೆಳಗೆ ಹಾಸುತ್ತಾರೆ. ತೊಯ್ದ ಅರಿವೆ ಮಂದಿಯ ಕಣ್ಣಿಗೆ ಬೀಳಬಾರದು. ಬಿದ್ದರೆ ಕೂಸಿಗೆ ಒಳ್ಳೆಯದಲ್ಲ ಎಂದು ನಂಬಿಕೆ. ಹಾಗಾಗಿ ತಾಯಂದಿರು ಯಾರಿಗೂ ಕಾಣದ ಹಾಗೆ ಎಳೆದು, ಮಡಚಿ, ಚೀಲಕ್ಕೆ ತುರುಕಿ, ತಾವೇ ಒಯ್ದು ಒಗೆಯುತ್ತಾರೆ. ಅದು ಅವರ ರೀತಿ.

ನನ್ನ ರೀತಿ ಬೇರೆ. ಆಗಿನ ಕೆಲವು ತಿಂಗಳಿನಿಂದ ಸ್ವಚ್ಛತೆ ನೋಡಲು ಮೇಲಿನವರು ಬರುತ್ತಿದ್ದರು. ಹೆರಿಗೆ ಕೋಣೆಯಲ್ಲಿ ರಕ್ತದ ಒಂದು ಚುಕ್ಕೆಯೂ ಕಾಣಬಾರದು ಎಂದು ಹೇಳಿದ್ದರು. ತೊಯ್ದ ಅರಿವೆ ಕಂಡ ಕೂಡಲೇ ತೆಗೆದು ಬಕೆಟ್ಟಿಗೆ ಹಾಕಿ, ಒಣ ಅರಿವೆ ಹಾಸುವುದು ನನಗೆ ರೂಢಿಯಾಗಿತ್ತು. ಕೆಲಸದಲ್ಲಿ ನಾನು ಚುರುಕು. ಅದೊಂದು ಹೆಮ್ಮೆ ನನಗಿತ್ತು.

ದುಂಡಸಿಯವಳ ಅರಿವೆ ಒಮ್ಮೆ ಬದಲಿಸಿದೆ. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ಎರಡನೆಯದನ್ನು ಬದಲಿಸಿ ಬೆನ್ನು ತಿರುಗಿಸಿದೆ, ಸಿಸ್ಟರ್ ಪರದೆ ಸರಿಸಿ ಓಡುತ್ತ ಬಂದು, ಹೊದಿಕೆ ಎತ್ತಿ ನೋಡಿದರು. ಒಣ ಅರಿವೆ. ಮೇಲೆ ನಾಲ್ಕು ಹನಿ.

"ಚಲೋ ಐತಿ. ಕೂಸಿಗೆ ಹಾಲು ಕುಡಸು" ಎಂದು ಹೇಳಿ ಮತ್ತೆ ಓಡಿದರು. ಆಚೆ ರಟ್ಟೀಹಳ್ಳಿಯವಳು ಕೂಗುತ್ತಿದ್ದಳು.

ಬಕೆಟ್ಟಿನಲ್ಲಿ ಎರಡು ಇದ್ದವು. ಹೇಳಬಹುದಿತ್ತು. ಎರಡೇ ಅಲ್ಲವೇ ಎಂದುಕೊಂಡೆ.

ಮೂರನೆಯದನ್ನು ಎತ್ತಿದಾಗ ಕೈಗೆ ತಿಳಿಯಿತು. ನೀರಲ್ಲಿ ಅದ್ದಿದ ಕಂಬಳಿಯಂತೆ ಜಗ್ಗಿತು. ಸಾವಿರ ಅರಿವೆ ಎತ್ತಿದ ಕೈ ಇದು, ಯಾವುದು ಹೆಚ್ಚು ಯಾವುದು ಕಡಿಮೆ ಎಂದು ಯಾರೂ ಕಲಿಸಬೇಕಿಲ್ಲ. ಇದು ಹೆಚ್ಚು ಎಂದು ಗೊತ್ತಾಯಿತು. ಗೋಡೆಯ ಗಡಿಯಾರ ನೋಡಿದೆ. ಹನ್ನೊಂದು ದಾಟಿ ಹತ್ತು ನಿಮಿಷ. ಪರದೆಯವರೆಗೆ ಹೋದೆ. ಸಿಸ್ಟರಿನ ಬೆನ್ನು ಕಂಡಿತು. "ಡಾಕ್ಟರಮ್ಮ" ಎನ್ನುತ್ತಾರೆ, ಈ ರಟ್ಟೀಹಳ್ಳಿ ಮಂದಿಯ ಮುಂದೆ. ಮತ್ತೆ ತಪ್ಪಿದರೆ? ನೋಡಿದ್ದಾರಲ್ಲ, ಚಲೋ ಐತಿ ಎಂದಿದ್ದಾರಲ್ಲ. ನೋಡುವುದು ಅವರ ಕೆಲಸ.

ತಿರುಗಿ ಬಂದು ಇನ್ನೊಂದು ಅರಿವೆ ಹಾಸಿದೆ. ಬಕೆಟ್ಟು ಮೂಲೆಗಿಟ್ಟು ವರಾಂಡ ಒರೆಸಲು ಹೋದೆ. ಈ ತುದಿಯಿಂದ ಆ ತುದಿಯವರೆಗೆ ಒರೆಸಿದೆ, ಫಿನಾಯಿಲ್ ಹಾಕಿ. ಚೆನ್ನಾಗಿಯೇ ಒರೆಸಿದೆ.

ಒಳಗೆ ಬಂದಾಗ ಹೆಣ್ಣುಮಗಳು ಆಕಳಿಸುತ್ತಿದ್ದಳು. ಒಂದರ ಹಿಂದೆ ಒಂದು ಆಕಳಿಕೆ. ತುಟಿ ಬೂದಿಯ ಬಣ್ಣ.

"ನೀರ ಕೊಡಬೇ" ಎಂದಳು ಅವ್ವನಿಗೆ.

"ನಿದ್ದಿ ಬಂದೈತಿ ಪಾಪ, ದಣದಾಳ" ಎಂದಳು ಅವ್ವ ನನಗೆ.

ಅದು ನಿದ್ದೆಯ ಆಕಳಿಕೆ ಅಲ್ಲ. ಕೈ ಹಿಡಿದೆ, ತಣ್ಣಗೆ. ಹೊದಿಕೆ ಎತ್ತಿದೆ. ನಾಲ್ಕನೆಯದೂ ತೊಯ್ದಿತ್ತು, ಎಳೆದು ಬಕೆಟ್ಟಿಗೆ ಹಾಕಿದೆ. ಮಂಚದ ಕೆಳಗೆ ಅವ್ವನ ಪ್ಲಾಸ್ಟಿಕ್ ಚೀಲ, ಚೀಲದ ಬುಡದಿಂದ ನೆಲಕ್ಕೆ ಕೆಂಪು ಗೆರೆ.

"ಅದರಾಗ ಏನೈತಿ?"

"ಏನಿಲ್ಲಬೇ. ಅರಿವಿ."

"ಎಷ್ಟು?"

"ಮೂರ ಅದಾವು. ನೀ ನೋಡಬ್ಯಾಡ, ನಾ ಒಗಕೋತೇನಿ."

ನಾನು ತೆಗೆದದ್ದು ಅವಳಿಗೆ ಗೊತ್ತಿಲ್ಲ. ಅವಳು ತೆಗೆದದ್ದು ನನಗೆ ಗೊತ್ತಿಲ್ಲ. ನಾಲ್ಕೂ ಮೂರೂ ಏಳು.

ಚೀಲ ಕಸಿದುಕೊಂಡೆ. ಅವ್ವ ಅಡ್ಡ ಬಂದಳು, ದೂಡಿದೆ. ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಬಕೆಟ್ಟು ಹಿಡಿದು ಆಪರೇಷನ್ ಕೋಣೆಗೆ ಓಡಿದೆ. ಬಾಗಿಲಲ್ಲಿ ಕೆಂಪು ಪಟ್ಟೆ ಬಳಿದಿತ್ತು, ಅದರ ಆಚೆ ನಾನು ಚಪ್ಪಲಿಯಲ್ಲಿ ಕಾಲಿಡುವ ಹಾಗಿರಲಿಲ್ಲ. ಇಟ್ಟೆ.

"ಮೇಡಮ್ಮಾರ, ದುಂಡಸಿ ಬಾಣಂತಿಗೆ ರಕ್ತ ನಿಲ್ಲವಲ್ದರಿ!"

ಮೇಡಂ ಮೈಸೂರು ಕಡೆಯವರು. ಹೊಟ್ಟೆ ಹೊಲಿಯುತ್ತಿದ್ದರು, ತಲೆ ಎತ್ತಲಿಲ್ಲ. "ಎಷ್ಟು ಹೋಗಿದೆ?"

"ಏಳ ಅರಿವಿರಿ. ಎಲ್ಲಾ ತೊಟ್ಟಿಕ್ಕಾಕತ್ತಾವು." ಬಕೆಟ್ಟು ಎತ್ತಿ ತೋರಿಸಿದೆ.

ಆಗ ತಲೆ ಎತ್ತಿದರು. "ಹೋಗಿ ಹೊಟ್ಟೆ ಮೇಲೆ ಕೈ ಇಡು. ಹೊಕ್ಕುಳ ಕೆಳಗೆ. ಒತ್ತಿ ಉಜ್ಜು. ಗಟ್ಟಿ ಆಗೋವರೆಗೂ ಬಿಡಬೇಡ. ಸಿಸ್ಟರ್‌ನ ಕೂಗು!"

ಸೂಜಿ ಡಾಕ್ಟರು ತಮ್ಮ ರೋಗಿಯ ತಲೆ ಹತ್ತಿರದಿಂದ ಕದಲಲಿಲ್ಲ, ಕದಲುವ ಹಾಗೂ ಇರಲಿಲ್ಲ. ನಿಂತಲ್ಲಿಂದಲೇ ಎರಡು ಇಂಜೆಕ್ಷನ್ನಿನ ಹೆಸರು ಕೂಗಿದರು, ಎರಡೂ ಕೈಗೆ ಸಲಾಯಿನ್ ಹಚ್ಚಲು ಹೇಳಿದರು.

ನಾನು ಹೊಟ್ಟೆ ಉಜ್ಜಿದೆ. ಗರ್ಭಕೋಶ ಕಲ್ಲಿನಂತೆ ಗಟ್ಟಿಯಾಗಬೇಕು. ಅದು ನಾದಿದ ಹಿಟ್ಟಿನಂತೆ ಮೆತ್ತಗಿತ್ತು. ಸಿಸ್ಟರ್ ಆಚೆ ಆಗಷ್ಟೇ ಹುಟ್ಟಿದ ಕೂಸನ್ನು ಅದರ ಅಜ್ಜಿಯ ಉಡಿಗೆ ಹಾಕಿ, ಕೈಗವಸು ಬದಲಿಸುತ್ತಲೇ ಬಂದರು. ಬಕೆಟ್ಟು ನೋಡಿದರು, ನನ್ನ ಮುಖ ನೋಡಿದರು. ಸೂಜಿ ಚುಚ್ಚಿದರು. ಲ್ಯಾಬಿನವನು ಚೀಟಿ ಹಿಡಿದು ಓಡಿ ಬಂದ. "ಖಾಲಾ, ಸರಿ ಒಂದೀಟು. ಸಿಸ್ಟರ್, ಇಕಿಗೆ ಮುಂಜಾನಿಗೇ ರಕ್ತ ಕಡಿಮಿ ಇತ್ತರಿ. ಚೀಟಿ ಟ್ರೇದಾಗ ಇಟ್ಟಿದ್ದೆ, ಯಾರೂ ಒಯ್ಯಾಕ ಬರಲಿಲ್ಲ." ಹೇಳುತ್ತಲೇ ಅವಳ ತೋಳಿನಿಂದ ರಕ್ತ ತೆಗೆದ. ಅಷ್ಟರಲ್ಲಿ ಮೇಡಂ ಹೊಲಿಗೆ ಮುಗಿಸಿ ಬಂದರು. ಒಂದು ಕೈ ಒಳಗೆ, ಒಂದು ಕೈ ಹೊಟ್ಟೆಯ ಮೇಲೆ, ಎರಡರ ನಡುವೆ ಹಿಂಡಿ ಹಿಡಿದರು. ಬೆವರು ಅವರ ಮೂಗಿನಿಂದ ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ. ನಾನೇ ಸೆರಗಿನಿಂದ ಒರೆಸಿದೆ. ಆಂಬುಲೆನ್ಸಿನವನು ಬಾಗಿಲಿಗೇ ಗಾಡಿ ತಂದು ಹಿಂದಿನ ಬಾಗಿಲು ತೆರೆದು ನಿಂತಿದ್ದ.

ಆ ಹೊತ್ತಿನಲ್ಲಿ ಯಾರ ಕೈ ಯಾರಿಗೆ ತಾಗಿತು ಎಂದು ಯಾರೂ ನೋಡಲಿಲ್ಲ. ಅದು ಮಾತ್ರ ನನಗೆ ನೆನಪಿದೆ.

ರಕ್ತ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಸಿಸ್ಟರ್ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಗಾಡಿ ಹತ್ತಿದರು. ಅವ್ವ ಕೂಸನ್ನು ಕಟ್ಟಿಕೊಂಡು ಹತ್ತಿದಳು. ಖಾಲಿ ಮಂಚ ಉಳಿಯಿತು. ಒರೆಸಿದೆ.

ಸಂಜೆ ಐದಕ್ಕೆ ಸಿಸ್ಟರ್ ತಿರುಗಿ ಬಂದರು. "ಜೀವಕ್ಕ ಭಯ ಇಲ್ಲ ಅಂದಾರ. ರಕ್ತ ಏರಿಸ್ಯಾರ" ಎಂದರು. ಸೀರೆಯ ಮೇಲೆ ಕಲೆ ಹಾಗೆಯೇ ಇತ್ತು. ಮೇಡಂ ಎಲ್ಲರನ್ನೂ ತಮ್ಮ ಕೋಣೆಗೆ ಕರೆದರು. ಹಾಗೆ ಆಗಾಗ ಕೂರಿಸಿ ಕೇಳುವುದು ಅವರ ಪದ್ಧತಿ. ನಾನು ಪ್ರತಿ ಸಲ ಚಹಾ ಕೊಟ್ಟು ಹೊರಗೆ ಬರುತ್ತಿದ್ದೆ. ಅವತ್ತು ಮೇಡಂ, "ನೀನೂ ಕೂತ್ಕೋ" ಎಂದು ಕುರ್ಚಿ ಎಳೆದರು. ಲ್ಯಾಬಿನವನು ಎದ್ದು ಹೋಗಿ ನನಗೆ ಚಹಾ ತಂದುಕೊಟ್ಟ. ಎಲ್ಲರ ಹಾಗಿನ ಕಪ್ಪಿನಲ್ಲಿ.

ಮೇಡಂ ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಉದ್ದ ಗೆರೆ ಎಳೆದು ಗಂಟೆ ಬರೆದರು. ಯಾರು ಯಾವಾಗ ಏನು ಕಂಡಿರಿ ಹೇಳಿ ಎಂದರು. ಲ್ಯಾಬಿನವನು ಚೀಟಿಯ ಮಾತು ಹೇಳಿ, ನಾನೇ ತಂದು ಕೊಡಬೇಕಿತ್ತು, ತಪ್ಪಾಯಿತು ಎಂದ. ಅವ್ವ ಮೂರು ಅರಿವೆ ಮುಚ್ಚಿಟ್ಟದ್ದನ್ನು ನಾನು ಹೇಳಿದೆ. ಎಲ್ಲರೂ ಲೊಚಗುಟ್ಟಿದರು. ನಾನೂ ಲೊಚಗುಟ್ಟಿದೆ.

"ಸಿಸ್ಟರ್, ನೀವು ಯಾವಾಗ ನೋಡಿದ್ರಿ?"

"ಹನ್ನೊಂದಕ್ಕರಿ. ಅರಿವಿ ಸ್ವಚ್ಛ ಇತ್ತರಿ."

"ಸ್ವಚ್ಛ? ಏಳು ಬಟ್ಟೆ ಹೋದವರಿಗೆ?"

"ಹೌದ್ರಿ. ನನ್ನ ಕಣ್ಣಾರೆ ನೋಡೇನಿ."

ಸೂಜಿ ಡಾಕ್ಟರು ಮೇಜು ನೋಡಿದರು. ನೋಡದೆಯೇ ನೋಡಿದೆ ಅನ್ನುತ್ತಿದ್ದಾಳೆ ಎಂದು ಎಲ್ಲರ ಮುಖದ ಮೇಲೆ ಬರೆದಿತ್ತು. ಮೇಡಂ ಗೆರೆಯ ಮೇಲೆ ಹನ್ನೊಂದರ ಹತ್ತಿರ ಪ್ರಶ್ನೆಯ ಚಿಹ್ನೆ ಹಾಕಿದರು. ನಾಳೆ ಜಿಲ್ಲೆಗೆ ವರದಿ ಕಳಿಸಬೇಕು, ಇದನ್ನೂ ಬರೆಯಬೇಕಾಗುತ್ತದೆ ಎಂದರು. ಸಿಸ್ಟರಿನ ಕುತ್ತಿಗೆ ಕೆಂಪಾಯಿತು. ಅವರು ನನ್ನ ಕಡೆ ಒಮ್ಮೆ ನೋಡಿದರು. ಕೇಳಲಿಲ್ಲ. ಆಯಾಳನ್ನು ಕೇಳುವ ಪೈಕಿ ಅಲ್ಲ ಅವರು.

"ನೀನು ಯಾವಾಗ ಗಮನಿಸಿದೆ?" ಮೇಡಂ ನನ್ನನ್ನು ಕೇಳಿದರು.

"ನೋಡಿದ ಕೂಡ್ಲೆ ಓಡಿ ಬಂದೇನ್ರಿ" ಎಂದೆ.

"ನೀನು ಬಂದಿರದಿದ್ದರೆ ಆಕೆ ಉಳೀತಿರಲಿಲ್ಲ" ಎಂದರು ಮೇಡಂ. ಸೂಜಿ ಡಾಕ್ಟರೂ ತಲೆಯಾಡಿಸಿದರು.

ನನಗೆ ಹಿತವಾಯಿತು. ಅದನ್ನು ಮುಚ್ಚಿಡುವುದಿಲ್ಲ. ಹೊಗಳಿದ್ದೂ ಹಿತವಾಯಿತು, ಸಿಸ್ಟರ್ ಹೇಳಿದ ನಿಜವನ್ನು ಯಾರೂ ನಂಬದೆ ಹೋದದ್ದೂ ಹಿತವಾಯಿತು. ಆ ಕೋಣೆಯಲ್ಲಿ ಅವರು ಸುಳ್ಳು ಹೇಳುತ್ತಿಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ. ಅರಿವೆ ಸ್ವಚ್ಛ ಇತ್ತು. ಸ್ವಚ್ಛ ಮಾಡಿದವಳು ನಾನು. ಅವ್ವ ಚೀಲದಲ್ಲಿ ಮುಚ್ಚಿಟ್ಟರೆ ಅದು ಮುಚ್ಚಿಟ್ಟದ್ದು, ನಾನು ಬಕೆಟ್ಟಿನಲ್ಲಿ ಮುಚ್ಚಿಟ್ಟರೆ ಅದು ಕೆಲಸ. ಚಹಾ ಪೂರ್ತಿ ಕುಡಿದೆ.

ಮನೆಗೆ ಹೋದೆ. ಅನ್ನಕ್ಕಿಟ್ಟೆ. ಈ ದಿನ ಆಸ್ಪತ್ರೆಯಲ್ಲಿ ಏನಾಯಿತು ಗೊತ್ತೇನು ಎಂದು ಹೇಳಿಕೊಳ್ಳಬೇಕೆನಿಸಿತು. ಹೇಳಲು ಯಾರೂ ಇರಲಿಲ್ಲ, ಅದು ಹೊಸದಲ್ಲ. ಗೋಡೆಗೇ ಹೇಳಿ ನೋಡಿದೆ: ನಾನಿಲ್ಲದಿದ್ದರೆ ಆಕೆ ಉಳಿಯುತ್ತಿರಲಿಲ್ಲ. ಹೇಳುತ್ತ ಹೇಳುತ್ತ ವರಾಂಡದ ಮಾತು ಬಂತು. ಅಲ್ಲಿಂದ ಮುಂದೆ ಹೇಳಲಾಗಲಿಲ್ಲ. ಒಬ್ಬಳೇ ಇದ್ದರೂ ಹೇಳಲಾಗಲಿಲ್ಲ.

ಆಮೇಲಿನ ವರ್ಷಗಳ ಮಾತು ಇಲ್ಲೇ ಹೇಳಿ ಮುಗಿಸುತ್ತೇನೆ. ಮೇಡಂ ಸಂತೆಯಿಂದ ತೂಗುಹಾಕುವ ತಕ್ಕಡಿ ತರಿಸಿದರು. ಪ್ರತಿ ಬಾಣಂತಿಗೆ ಮುಚ್ಚಳದ ಬಕೆಟ್ಟು. ತೊಯ್ದ ಅರಿವೆಯನ್ನು ಯಾರು ತೆಗೆದರೂ ಅದರಲ್ಲೇ ಹಾಕಬೇಕು, ಸಿಸ್ಟರಿಗೆ ಕೇಳುವ ಹಾಗೆ ಎಷ್ಟನೆಯದು ಎಂದು ಕೂಗಬೇಕು, ಸಿಸ್ಟರ್ ತೂಗಿ ಬರೆಯಬೇಕು. ಮುಚ್ಚಳ ಇದ್ದುದರಿಂದ ತಾಯಂದಿರು ಒಪ್ಪಿದರು, ಒಗೆಯಲು ಅವರಿಗೇ ತಿರುಗಿ ಕೊಡುತ್ತಿದ್ದೆವು. ಲ್ಯಾಬಿನವನು ಚೀಟಿಯನ್ನು ಕೈಯಲ್ಲೇ ತಂದುಕೊಡತೊಡಗಿದ. ಕೂಗುವ ಕೆಲಸ ನನ್ನದು. ಮೂರು ವರ್ಷ ಕೂಗಿದೆ, ಆಮೇಲೆ ಅರವತ್ತಾಯಿತೆಂದು ಬಿಡಿಸಿದರು. ಸಿಸ್ಟರ್ ಆ ಮೂರು ವರ್ಷ ನನ್ನ ಲೆಕ್ಕ ಕೇಳಿ ಬರೆದರು. ಅದರ ಹೊರತು ನನ್ನೊಡನೆ ಬೇರೆ ಮಾತಾಡಲಿಲ್ಲ. ಡಾಕ್ಟರಮ್ಮ ಎಂದು ಯಾರೂ ಕರೆಯಲಿಲ್ಲ. ನಾನು ಒಗೆಯುವ ಕಲ್ಲಿನ ಹತ್ತಿರವೇ ರೊಟ್ಟಿ ತಿಂದೆ. ದುಂಡಸಿಯವಳು ಒಮ್ಮೆ ಮಗನಿಗೆ ಸೂಜಿ ಹಾಕಿಸಲು ಬಂದಿದ್ದಳು, ನನ್ನ ಗುರುತು ಹಿಡಿಯಲಿಲ್ಲ. ಹಿಡಿಯುವ ಹಾಗೆ ಅವತ್ತು ಅವಳಿಗೆ ಎಚ್ಚರ ಎಲ್ಲಿತ್ತು.

ಇನ್ನು ಆ ಮಂಗಳವಾರದ ಮರುದಿನ ಬೆಳಿಗ್ಗೆಯ ಮಾತು.

ಬೆಳಿಗ್ಗೆ ಏಳೂವರೆಗೆ ಬಸ್ ಸ್ಟ್ಯಾಂಡಿಗೆ ಹೋದೆ. ಸಿಸ್ಟರ್ ಎಂಟರ ಬಸ್ಸಿಗೆ ಬರುತ್ತಿದ್ದರು. ಇಳಿದರು. ಕಣ್ಣು ಉಬ್ಬಿತ್ತು. ನನ್ನನ್ನು ನೋಡಿ ನಿಂತರು.

"ಯಾಕ, ಮೆರವಣಿಗಿ ಮಾಡಾಕ ಬಂದೀ ಏನ?"

"ನಿನ್ನಿ ಅರಿವಿ ಸ್ವಚ್ಛ ಇತ್ತರಿ" ಎಂದೆ. "ನೀವು ಬರೂಕಿಂತ ಮೊದಲ ನಾನ ಬದಲ ಮಾಡಿದ್ದೆ. ಎರಡ ಬಕೆಟ್‌ನ್ಯಾಗ ಇದ್ದವು. ಮೂರನೇದು ತಗದಾಗ ಭಾಳ ಆತು ಅಂತ ಗೊತ್ತಾತು. ಹೇಳಲಿಲ್ಲ. ವರಾಂಡ ಒರಸಾಕ ಹೋದೆ."

ಸಿಸ್ಟರ್ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು. ಹಿಂದೆ ಕಂಡಕ್ಟರ್ ಹಾವೇರಿ ಹಾವೇರಿ ಎಂದು ಕೂಗುತ್ತಿದ್ದ.

"ನಿನ್ನಿ ಅಷ್ಟು ಮಂದಿ ಮುಂದ ನನ್ನ ಮಾರಿ ನೋಡಕೋತ ಕುಂತಿದ್ದೆಲ್ಲ. ಆವಾಗ ಯಾಕ ಹೇಳಲಿಲ್ಲ?"

"ಕುರ್ಚಿ ಚಲೋ ಇತ್ತರಿ" ಎಂದೆ.

ಅವರು ನಗಲಿಲ್ಲ, ಬೈಯಲೂ ಇಲ್ಲ. "ನಡಿ" ಎಂದರು. ಅವರು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಆಸ್ಪತ್ರೆಯವರೆಗೆ ಒಮ್ಮೆಯೂ ತಿರುಗಿ ನೋಡಲಿಲ್ಲ.

ಮೇಡಂ ವರದಿ ಬರೆಯಲು ಕುಳಿತಿದ್ದರು. ನಾನು ನಿಂತೇ ಹೇಳಿದೆ, ಸಿಸ್ಟರಿಗೆ ಹೇಳಿದ್ದನ್ನೇ ಮತ್ತೊಮ್ಮೆ. ಮೇಡಂ ಪೆನ್ನು ಕೆಳಗಿಟ್ಟರು.

"ಯಾಕೆ ಬರಲಿಲ್ಲ ನೀನು?"

"ನನ್ನ ಯಾರೂ ಕೇಳೂದಿಲ್ಲರಿ. ನಾನಾಗೇ ಹೇಳಿದ್ರ ನಗತಾರ."

ಸಿಸ್ಟರ್ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ಮೇಡಂ ಕ್ಯಾಲೆಂಡರ್ ಹಾಳೆ ಬಿಚ್ಚಿ ಮೇಜಿನ ಮೇಲೆ ಹರಡಿದರು. ಹನ್ನೊಂದರ ಹತ್ತಿರದ ಪ್ರಶ್ನೆಯ ಚಿಹ್ನೆ ಹೊಡೆದುಹಾಕಿ, ಅಲ್ಲಿ ಸಿಸ್ಟರ್ ನೋಡಿದರು, ಬಟ್ಟೆ ಸ್ವಚ್ಛವಿತ್ತು ಎಂದು ಬರೆದರು. ಬರೆದದ್ದನ್ನು ನನಗೆ ಓದಿ ಹೇಳಿದರು.

"ಈಗ ತೋರಿಸು. ನಿನಗೆ ಗೊತ್ತಾಗಿದ್ದು ಯಾವಾಗ?"

ನಾನು ಗೆರೆಯ ಮೇಲೆ ಬೆರಳಿಟ್ಟೆ. ಹನ್ನೊಂದು ದಾಟಿ ಹತ್ತು ನಿಮಿಷ. ಮೇಡಂ ಅಲ್ಲಿ ಗುರುತು ಹಾಕಿ, ಪೆನ್ನನ್ನು ನನ್ನ ಕಡೆ ತಿರುಗಿಸಿದರು. ಸಹಿ ಮಾಡಿದೆ.